ತಲೆಗೆ ತಕ್ಕ ಟೋಪಿ

ನಮ್ಮ ಭಾಷೆ ಟೋಪಿಯ ವಿಷಯದಲ್ಲಿ ಅಷ್ಟೊಂದು ಉದಾರವಾಗಿಲ್ಲ. ರುಮಾಲನ್ನು ನಾವು ಅಭಿಮಾನದಿಂದ ಸುತ್ತಿಕೊಳ್ಳುತ್ತೇವೆ. ಪೇಟವನ್ನು ತೊಡಿಸಿ ಹಿರಿಯರನ್ನು ಸನ್ಮಾನಿಸುತ್ತೇವೆ. ಟೋಪಿಯನ್ನು ಮಾತ್ರ ಮತ್ತೊಬ್ಬರಿಗೆ ‘ಹಾಕುತ್ತೇವೆ’. ಟೋಪಿ ಹಾಕಿಸಿಕೊಂಡವನು ಹಾರ ಹಾಕಿಸಿಕೊಂಡವನಂತೆ ಬೀಗುವುದಿಲ್ಲ. ಚೀಟಿ ವ್ಯವಹಾರದಲ್ಲಿ ಹಣ ಕಳೆದುಕೊಂಡು, ಮನೆಯಾಕೆಗೆ ಹೇಗೆ ಹೇಳಲೆಂದು ತಿಳಿಯದೆ ಜಗಲಿಯ ಮೇಲೆ ಕುಳಿತಿರುತ್ತಾನೆ. ಹೀಗಿರುವಲ್ಲಿ ಟೋಪಿಯನ್ನು ಕುರಿತು ಒಂದು ಲೇಖನವೆಂದೊಡನೆ ವಾಚಕರು ತಮ್ಮ ಕಿಸೆಯನ್ನು ಮುಟ್ಟಿ ನೋಡಿಕೊಂಡರೆ ಆಶ್ಚರ್ಯವಿಲ್ಲ. ಭಯ ಬೇಡ. ನಾನು ಹೇಳಹೊರಟಿರುವುದು ನಿಜವಾದ ಟೋಪಿಯ ಮಾತು. ಅದರಲ್ಲಿಯೂ ಉಣ್ಣೆಯನ್ನು ಒತ್ತಿ ಮಾಡಿದ, ಅಗಲ ಅಂಚಿನ ಫೆಲ್ಟ್ ಟೋಪಿಯ ಮಾತು.

ಹಾನಗಲ್ಲಿನಲ್ಲಿ ನಮ್ಮ ಓಣಿಯ ತುದಿಯ ಮನೆ ನಿವೃತ್ತ ಹವಾಲ್ದಾರರೊಬ್ಬರದು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಠಾಣೆಗಳಲ್ಲಿಯೇ ಅವರ ಸೇವೆಯ ಬಹುಭಾಗ ಕಳೆಯಿತು. ಓಣಿಯ ಹುಡುಗರಿಗೆ ಅವರು ಇಂದಿಗೂ ‘ಹವಾಲ್ದಾರ ಕಾಕಾ’. ಒಂದು ರವಿವಾರ ಬೆಳಗ್ಗೆ ಅವರು ಹಳೆಯ ಪತ್ರಿಕೆಯಲ್ಲಿ ಸುತ್ತಿದ ಏನನ್ನೋ ಕಂಕುಳಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದರು.

“ಸರ, ನೀವು ಪುಸ್ತಕ ಓದವ್ರು. ಇದಕ್ಕ ಏನರ ಮದ್ದ ಐತೇನ ನೋಡ್ರಿ” ಎಂದು ಗಂಟನ್ನು ಬಿಚ್ಚಿದರು.

ಒಳಗಿದ್ದುದು ಖಾಕಿ ಬಣ್ಣದ ಹ್ಯಾಟು. ಒಂದು ಕಾಲಕ್ಕೆ ಹ್ಯಾಟಾಗಿದ್ದುದು ಎಂದರೆ ಹೆಚ್ಚು ಸರಿ. ನೆತ್ತಿ ಕುಸಿದು ಒಳಕ್ಕೆ ಹೋಗಿತ್ತು. ಅಂಚು ಎಣ್ಣೆಗೆ ಬಿದ್ದ ಹಪ್ಪಳದಂತೆ ಅಲೆಯಲೆಯಾಗಿ ಎದ್ದಿತ್ತು. ನಿವೃತ್ತಿಗೆ ಮುಂಚಿನ ಕಡೆಯ ಮಳೆಗಾಲದಲ್ಲಿ ಅದು ಚೆನ್ನಾಗಿ ನೆನೆದಿತ್ತಂತೆ. ಬೇಗ ಒಣಗಲೆಂದು ಒಲೆಯ ಪಕ್ಕದಲ್ಲಿಟ್ಟರು. ಮರುದಿನ ತಲೆಗೆ ಇಳಿಯಲಿಲ್ಲ. ಆ ಮೇಲೆ ಟ್ರಂಕು ಸೇರಿ, ಅದರ ಮೇಲೆ ಹಾಸಿಗೆ ಹೊದಿಕೆಗಳು ಸೇರಿ, ಈ ಅವಸ್ಥೆ.

“ಈಗ ಯಾಕ ಬೇಕಾತ್ರಿ ಕಾಕಾ?” ಎಂದೆ.

“ಮಗಗ ಹೊಸಾ ಟೋಪಿ ಬಂತಲ್ರಿ. ಇಬ್ಬರೂ ಕೂಡಿ ಒಂದ ಫೋಟೋ ತಗಸೂಣು ಅಂತಾನ. ಅವ ಟೋಪಿ ಇಟಗೊಂಡ ನಿಂತಾಗ ನಾ ಬರಿತಲಿಲೆ ನಿಂದ್ರಲೇನ್ರಿ? ಬಿಲ್ಲೆ, ಬೆಲ್ಟು ಎಲ್ಲಾ ತಿರುಗಿ ಕೊಟ್ಟೀನಿ. ಇದೊಂದ ಉಳದೈತಿ.”

ಅವರ ಮಗನೂ ಪೊಲೀಸ್ ಪೇದೆ. 2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಪೇದೆಗಳಿಗೂ ಹವಾಲ್ದಾರರಿಗೂ ಈ ಅಗಲ ಅಂಚಿನ ಹ್ಯಾಟಿಗೆ ಬದಲಾಗಿ, ಮುಂದಕ್ಕೆ ಮಾತ್ರ ಚಾಚಿರುವ ನೀಲಿ ಬಣ್ಣದ ಪೀಕ್ ಕ್ಯಾಪು ಬಂದುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿಯೇ ಇರುತ್ತಾರೆ. ಹೀಗೆ ಒಂದೇ ಮನೆಯಲ್ಲಿ ತಂದೆಯ ಟೋಪಿ ಹಳೆಯದಾಯಿತು, ಮಗನದು ಹೊಸದಾಯಿತು. ಹಳೆಯ ಕನ್ನಡ ಓದಿ ಎಂ.ಎ. ಮಾಡಿದ ನನಗೂ ಹ್ಯಾಟಿನ ಚಿಕಿತ್ಸೆಗೂ ಏನು ಸಂಬಂಧವೆಂದು ಹವಾಲ್ದಾರರು ಯೋಚಿಸಲಿಲ್ಲ. ನಾನೂ ಯೋಚಿಸದೆ ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಓದಬೇಕಾಯಿತು.

ಪೇದೆಗಳ ಆ ಹ್ಯಾಟಿಗೆ ‘ಸ್ಲೌಚ್ ಹ್ಯಾಟ್’ ಎಂದು ಹೆಸರು. ಸ್ಲೌಚ್ ಎಂದರೆ ಜೋಲುಬೀಳುವುದು. ಅಂಚು ಅಗಲವಾಗಿ, ಮೆತ್ತಗೆ, ಕೊಂಚ ಕೆಳಕ್ಕೆ ಬಾಗಿರುವುದರಿಂದ ಆ ಹೆಸರು. ಒಂದು ಪಕ್ಕದ ಅಂಚನ್ನು ಮೇಲಕ್ಕೆ ಮಡಚಿ ಗುಂಡಿಯಿಂದ ನಿಲ್ಲಿಸುತ್ತಾರೆ. ಜಗತ್ತಿನಲ್ಲಿ ಈ ಹ್ಯಾಟಿಗೆ ಹೆಸರು ತಂದವರು ಆಸ್ಟ್ರೇಲಿಯಾದ ಸೈನಿಕರು. 1885ರಲ್ಲಿ ವಿಕ್ಟೋರಿಯಾ ಪ್ರಾಂತದ ಕುದುರೆ ಸವಾರರ ದಳವೊಂದು ಇದನ್ನು ತೊಟ್ಟಿತು. ಆ ದಳದ ನಾಯಕ ಟಾಮ್ ಪ್ರೈಸ್ ಎಂಬಾತ ಹೀಗೆ ಅಂಚು ಮಡಚಿದ ಹ್ಯಾಟನ್ನು ಅದಕ್ಕೆ ಮೊದಲು ಕಂಡಿದ್ದುದು ಬರ್ಮಾ ದೇಶದ ಪೊಲೀಸರ ತಲೆಯ ಮೇಲಂತೆ! ಅಂದರೆ ಪೊಲೀಸರಿಂದ ಸೈನ್ಯಕ್ಕೆ ಹೋದ ಟೋಪಿಯಿದು. ಬಂದೂಕನ್ನು ಹೆಗಲ ಮೇಲಿಟ್ಟು ನಡೆಯುವಾಗ ಅಂಚಿಗೆ ತಗಲಬಾರದೆಂದು ಆ ಪಕ್ಕವನ್ನು ಮಡಚಿದರು. ನಮ್ಮ ಸೈನ್ಯದ ಗೋರ್ಖಾ ಪಡೆಗಳ ಹ್ಯಾಟೂ ಇದರ ದಾಯಾದಿಯೇ.

ನಮ್ಮ ಪೇದೆಯ ಹೆಗಲ ಮೇಲೆ ಸಾಮಾನ್ಯವಾಗಿ ಬಂದೂಕು ಇರುವುದಿಲ್ಲ. ಆದರೂ ಅಂಚಿನ ಮಡಿಕೆ ಉಳಿದುಕೊಂಡಿತು. ಉಡುಪಿನ ಇತಿಹಾಸವೇ ಹೀಗೆ. ಕೋಟಿನ ತೋಳಿಗೆ ಹಚ್ಚಿದ ಗುಂಡಿಗಳಂತೆ, ಕಾರಣ ಹೋದ ಮೇಲೂ ಆಕಾರ ನಿಂತಿರುತ್ತದೆ.

ಈ ಹ್ಯಾಟಿನ ಮೇಲೆ ಪೇದೆಗಳ ದೂರುಗಳೇನೂ ಕಡಿಮೆ ಇರಲಿಲ್ಲ. ಹವಾಲ್ದಾರರು ನಾಲ್ಕು ತಾಲೂಕುಗಳ ಲೆಕ್ಕದಲ್ಲಿಯೇ ಅವುಗಳನ್ನು ಹೇಳಬಲ್ಲರು. ಹಾನಗಲ್ಲು ಮಲೆನಾಡಿನ ಸೆರಗು. ಇಲ್ಲಿ ಆಷಾಢದಲ್ಲಿ ಹಿಡಿದ ಜಿಟಿಜಿಟಿ ಮಳೆ ಟೋಪಿಯೊಳಗೆ ಇಳಿದು ಅದರ ಭಾರವನ್ನು ಹೆಚ್ಚಿಸುತ್ತಿತ್ತು. ಸವಣೂರಿಗೆ ಹೋದರೆ ಬಯಲುಸೀಮೆ. ಚೈತ್ರ ವೈಶಾಖಗಳಲ್ಲಿ ಉಣ್ಣೆಯ ಟೋಪಿಯ ಕೆಳಗೆ ತಲೆ ಬೆಂದುಹೋಗುತ್ತಿತ್ತು. ಶಿಗ್ಗಾಂವಿಯಲ್ಲಿ ಪುಣೆ ಬೆಂಗಳೂರು ಹೆದ್ದಾರಿಯ ರಾತ್ರಿ ಪಾಳಿ; ಲಾರಿಯೊಂದು ಹಾದುಹೋದರೆ ಅದರ ಗಾಳಿಗೆ ಟೋಪಿಯೂ ಅದರ ಬೆನ್ನು ಹತ್ತುತ್ತಿತ್ತು.

ಎಲ್ಲಕ್ಕಿಂತ ಮೋಜಿನ ಪ್ರಸಂಗಗಳು ಹೋರಿ ಹಬ್ಬದವು. ದೀಪಾವಳಿ ಕಳೆದ ಮೇಲೆ ಈ ಸೀಮೆಯ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಆಟವಾಡುತ್ತಾರೆ. ಕೊರಳಿಗೆ ಕೊಬ್ಬರಿಯ ಹಾರ, ಕೋಡಿಗೆ ರಿಬ್ಬನ್ನು ಬಲೂನು ಕಟ್ಟಿದ ಹೋರಿ ಜನರ ನಡುವಿನ ಹಾದಿಯಲ್ಲಿ ಬಾಣದಂತೆ ಓಡುತ್ತದೆ; ಪ್ರಾಯದ ಹುಡುಗರು ಅದರ ಮೇಲೆ ಬಿದ್ದು ಕೊಬ್ಬರಿ ಹರಿಯಲು ನೋಡುತ್ತಾರೆ. ಬಂದೋಬಸ್ತಿಗೆ ಪೊಲೀಸರು ಬೇಕೇ ಬೇಕು.

“ಹಿರೇಕೆರೂರ ಕಡೆ ಒಂದ ಊರಾಗ ಹೋರಿ ಸೀದಾ ನಮ್ಮ ಕಡೆ ಬಂತ್ರಿ. ನಾ ಒಂದ ಕಡೆ ಜಿಗದೆ, ಟೋಪಿ ಒಂದ ಕಡೆ ಜಿಗೀತು. ಹೋರಿ ನನ್ನ ಬಿಟ್ಟು ಟೋಪಿ ತುಳದು ಹೋತು. ಮಂದಿ ಚಪ್ಪಾಳಿ ಹೊಡದ್ರು” ಎಂದು ಅವರು ನಕ್ಕರು. ತುಸು ತಡೆದು, “ಆದ್ರ ನಗು ಬರ್ತಿದ್ದಿಲ್ರಿ ಆವಾಗ. ಟೋಪಿ ಬಿತ್ತಂದ್ರ ಅರ್ಧಾ ಪೊಲೀಸ ಬಿದ್ದಂಗ” ಎಂದರು.

ಮಾತು ಸಣ್ಣದು, ಆದರೆ ಅಂದಿನಿಂದ ಆ ಖಾಕಿ ಮುದ್ದೆಯನ್ನು ನಾನು ಹಗುರವಾಗಿ ಕಾಣಲಿಲ್ಲ.

ಟೋಪಿಯನ್ನು ಸರಿಪಡಿಸಬೇಕಾದರೆ ಫೆಲ್ಟು ಎಂದರೇನೆಂದು ತಿಳಿದಿರಬೇಕು. ಅದು ನೇಯ್ದ ಬಟ್ಟೆಯಲ್ಲ. ಅದರಲ್ಲಿ ಹಾಸಿಲ್ಲ, ಹೊಕ್ಕಿಲ್ಲ. ಕುರಿಯ ಉಣ್ಣೆಯ ಒಂದೊಂದು ಎಳೆಯ ಮೈಮೇಲೂ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಚಿಪ್ಪುಗಳಿವೆ. ಮಂಗಳೂರು ಹೆಂಚಿನ ಮಾಡಿನಂತೆ ಒಂದರ ಮೇಲೊಂದು ಒರಗಿಕೊಂಡಿವೆ. ಬಿಸಿನೀರು, ಸಾಬೂನು ಸೋಕಿದಾಗ ಈ ಚಿಪ್ಪುಗಳು ಬಾಯಿ ತೆರೆಯುತ್ತವೆ. ಆಗ ಒತ್ತಿ, ಉಜ್ಜಿ, ಉರುಳಿಸಿದರೆ ಎಳೆಗಳು ಒಂದರೊಳಗೊಂದು ಹೊಕ್ಕು, ಚಿಪ್ಪಿಗೆ ಚಿಪ್ಪು ಸಿಕ್ಕಿಕೊಂಡು, ಹಿಂದಕ್ಕೆ ಬರಲಾರದಂತೆ ಹೆಣೆದುಕೊಳ್ಳುತ್ತವೆ. ಮನೆಯಲ್ಲಿ ಯಾರಾದರೂ ಉಣ್ಣೆಯ ಸ್ವೆಟರನ್ನು ಬಿಸಿನೀರಿನಲ್ಲಿ ಕುಕ್ಕಿ ಒಗೆದು ಮಗುವಿನ ಅಳತೆಗೆ ಇಳಿಸಿದ್ದರೆ, ಅವರು ತಮಗೆ ತಿಳಿಯದೆಯೇ ಫೆಲ್ಟು ತಯಾರಿಸಿದ್ದಾರೆ. ಕಾಶ್ಮೀರದ ‘ನಮದಾ’ ಜಮಖಾನೆಗಳು ಇದೇ ವಿದ್ಯೆಯ ಫಲ.

ಕಾರ್ಖಾನೆಯಲ್ಲಿ ಹಿಂಜಿದ ಉಣ್ಣೆಯ ತೆಳುವಾದ ಹಾಳೆಯನ್ನು, ಬುಡಕ್ಕೆ ಬುಡ ಕೂಡಿಸಿದ ಎರಡು ಶಂಕುಗಳ ಮೇಲೆ ದಾರದುಂಡೆಯಂತೆ ಸುತ್ತಿ, ನಡುವೆ ಕತ್ತರಿಸುತ್ತಾರೆ. ಎರಡು ಕುಲಾವಿಗಳು ದೊರೆಯುತ್ತವೆ. ಅವನ್ನು ಉಗಿಯಲ್ಲಿ ಬೇಯಿಸಿ, ಉರುಳಿಸಿ, ಕುಗ್ಗಿಸಿ ಗಟ್ಟಿಮಾಡಿದ ಮೇಲೆ ಅಚ್ಚಿನ ಮೇಲೆಳೆದು ನೆತ್ತಿಯನ್ನೂ ಅಂಚನ್ನೂ ತೀಡುತ್ತಾರೆ. (ಕುಲಾವಿ ಎಂದೆನಷ್ಟೆ. ತೊಟ್ಟಿಲ ಕೂಸಿಗೆ ನಮ್ಮ ಅಜ್ಜಿಯರು ಹೊಲಿಯುತ್ತಿದ್ದ ಆ ಟೋಪಿಯ ಹೆಸರು ಪಾರಸಿಯ ‘ಕುಲಾಹ್’ ಎಂಬುದರಿಂದ ಬಂದುದು. ವಿಜಯನಗರದ ಅರಸರು ತೊಡುತ್ತಿದ್ದ ಎತ್ತರದ ‘ಕುಳ್ಳಾಯಿ’ಯೂ ಅದೇ ಮನೆತನದ್ದು, ತಿರುಪತಿಯ ಗುಡಿಯಲ್ಲಿ ಕೈಮುಗಿದು ನಿಂತ ಕೃಷ್ಣದೇವರಾಯನ ಕಂಚಿನ ಪ್ರತಿಮೆಯ ತಲೆಯ ಮೇಲೆ ಅದನ್ನು ಇಂದಿಗೂ ಕಾಣಬಹುದು. ರಾಯನ ತಲೆಯಿಂದ ತೊಟ್ಟಿಲಿಗೆ ಇಳಿದ ಶಬ್ದವಿದು.)

ಬೆಲೆಯುಳ್ಳ ಹ್ಯಾಟುಗಳು ಕುರಿಯ ಉಣ್ಣೆಯವಲ್ಲ. ಮೊಲದ, ಬೀವರ್ ಎಂಬ ನೀರುಪ್ರಾಣಿಯ ನವಿರಾದ ತುಪ್ಪಟದವು. ಅವು ಹಗುರ, ಮಳೆಗೂ ಅಷ್ಟಾಗಿ ಜಗ್ಗುವುದಿಲ್ಲ. ಆದರೆ ಆ ಸೊಗಸಿನ ಹಿಂದೆ ಒಂದು ಘೋರ ಕಥೆಯಿದೆ. ತುಪ್ಪಟ ಸುಲಭವಾಗಿ ಹೆಣೆದುಕೊಳ್ಳಲೆಂದು ಅದಕ್ಕೆ ಪಾದರಸದ ಲವಣವನ್ನು ಹಚ್ಚುತ್ತಿದ್ದರು. ಉಗಿಯೊಡನೆ ಮೇಲೆದ್ದ ಪಾದರಸದ ಆವಿ ಕೆಲಸಗಾರರ ಮೈ ಹೊಕ್ಕು, ಕೈ ನಡುಗಿ, ನಾಲಗೆ ತೊದಲಿ, ಬುದ್ಧಿ ಕದಡುತ್ತಿತ್ತು. ‘ಹ್ಯಾಟು ಮಾಡುವವನಂತೆ ಹುಚ್ಚ’ ಎಂದು ಇಂಗ್ಲಿಷರಲ್ಲಿ ಒಂದು ನುಡಿಯೇ ಹುಟ್ಟಿತು. ಅಮೇರಿಕದಲ್ಲಿ ಈ ಪದ್ಧತಿ ನಿಂತುದು 1941ರಲ್ಲಿ. ಒಬ್ಬರ ತಲೆಯ ಅಂದಕ್ಕೆ ಇನ್ನೊಬ್ಬರ ತಲೆ ಕೆಟ್ಟಿತು.

ಇನ್ನು ಆಯ್ಕೆಯ ಮಾತು. ಹ್ಯಾಟು ಕೊಳ್ಳಬೇಕೆನ್ನುವವರು ಮೊದಲು ತಲೆಯನ್ನು ಅಳೆಯಬೇಕು. ದರ್ಜಿಯ ಟೇಪನ್ನು ಹಣೆಯ ನಡುವೆ, ಕಿವಿಗಳಿಂದ ಒಂದು ಬೆರಳು ಮೇಲಕ್ಕೆ, ಹಿಂದಲೆಯ ಉಬ್ಬಿನ ಸುತ್ತ ಹಾಯಿಸತಕ್ಕದ್ದು. ಹವಾಲ್ದಾರರ ತಲೆ 57 ಸೆಂಟಿಮೀಟರು, ಎಂದರೆ ಸುಮಾರು 22½ ಅಂಗುಲ. ಅಮೇರಿಕದವರು ಇದನ್ನು 3.14ರಿಂದ ಭಾಗಿಸಿ 7⅛ ಎನ್ನುತ್ತಾರೆ. ತಲೆ ತಟ್ಟೆಯಂತೆ ದುಂಡಗಿದೆಯೆಂದು ಭಾವಿಸಿ ಅದರ ವ್ಯಾಸವನ್ನು ಹೇಳಿದಂತೆ. ಅದೇ ಟೋಪಿ ಇಂಗ್ಲಿಷರ ಲೆಕ್ಕದಲ್ಲಿ 7. ನಾವು ಸೆಂಟಿಮೀಟರಿನಲ್ಲಿರುವುದೇ ಕ್ಷೇಮ. ಒಂದು ನಂಬರಿಗೂ ಅದರ ಮುಂದಿನದಕ್ಕೂ ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನ ಅಂತರ. ಎರಡರ ನಡುವೆ ಸಿಕ್ಕಿಬಿದ್ದವರು ದೊಡ್ಡದನ್ನೇ ಆರಿಸಿಕೊಳ್ಳಲಿ. ಒಳಗಿನ ಬೆವರುಪಟ್ಟಿಯ ಹಿಂದೆ ಪತ್ರಿಕೆಯ ಕಾಗದವನ್ನು ಮಡಚಿಟ್ಟು ಸಡಿಲು ತೆಗೆಯಬಹುದು. ಬಿಗಿಯಾದುದನ್ನು ತೊಟ್ಟು ತಲೆನೋವು ತರಿಸಿಕೊಳ್ಳುವುದು ಜಾಣತನವಲ್ಲ.

ಅಂಚನ್ನು ಮೆಲ್ಲಗೆ ಬಾಗಿಸಿ ಬಿಟ್ಟರೆ ಅದು ತನ್ನ ಸ್ಥಿತಿಗೆ ಮರಳಬೇಕು. ಬೆಳಕಿಗೆ ಹಿಡಿದರೆ ತೆಳುವಾದ ತೇಪೆಗಳು ಕಾಣಬಾರದು. ಬೆವರುಪಟ್ಟಿಯನ್ನು ಅಂಟಿಸಿರದೆ ಹೊಲಿದಿರಬೇಕು. ಗಿಡ್ಡನೆಯವರು ಅಂಚು ತೀರ ಅಗಲವಾದ ಹ್ಯಾಟನ್ನು ತೊಟ್ಟರೆ ಅಣಬೆಯಂತೆ ಕಾಣುತ್ತಾರೆಂದು ಬಲ್ಲವರು ಎಚ್ಚರಿಸುತ್ತಾರೆ. ಸಮವಸ್ತ್ರದವರಿಗೆ ಈ ಆಯ್ಕೆಯ ಭಾಗ್ಯವಿಲ್ಲ. ಟೋಪಿಗಳು ಕೆಲವೇ ಅಳತೆಗಳಲ್ಲಿ ಬರುತ್ತವೆ. ತಲೆಗಳು ದೇವರ ಕಾರ್ಖಾನೆಯಿಂದ ಬರುತ್ತವೆ.

ನಾಗರಿಕರ ಫೆಲ್ಟ್ ಹ್ಯಾಟಿನ ರಾಜನೆಂದರೆ ‘ಫೆಡೋರಾ’. ನೆತ್ತಿಯ ಮೇಲೆ ಉದ್ದನೆಯ ತಗ್ಗು, ಮುಂದೆ ಎರಡು ಪಕ್ಕ ಚಿವುಟಿದ ಗುರುತು. ಆ ಹೆಸರು 1882ರಲ್ಲಿ ಪ್ಯಾರಿಸಿನಲ್ಲಿ ಆಡಿದ ಒಂದು ನಾಟಕದ ರಾಜಕುಮಾರಿಯದು. ನಮ್ಮ ಸೀಮೆಯಲ್ಲಿ ಅಂತಹ ಹ್ಯಾಟು ತೊಟ್ಟವರನ್ನು ನಾನು ಬೀದಿಯಲ್ಲಿ ಕಂಡುದು ಅಪರೂಪ. ಆದರೆ ಹಾನಗಲ್ಲಿನ ಯಾವುದೇ ಕ್ಷೌರದಂಗಡಿಗೆ ಹೋದರೂ ಗೋಡೆಯ ಮೇಲೆ ಒಂದು ಫೆಲ್ಟ್ ಹ್ಯಾಟನ್ನು ಕಾಣಬಹುದು; ಅದು ಭಗತ್ ಸಿಂಗನದು. 1928ರ ಡಿಸೆಂಬರಿನಲ್ಲಿ ಆತ ಪೊಲೀಸರ ಕಣ್ಣು ತಪ್ಪಿಸಿ ಲಾಹೋರಿನಿಂದ ಪಾರಾಗಲು ಗಡ್ಡ ಕೂದಲು ತೆಗೆಸಿ ಸಾಹೇಬನ ವೇಷ ತೊಟ್ಟ. ಹ್ಯಾಟಿನೊಡನೆ ದಿಲ್ಲಿಯಲ್ಲಿ ತೆಗೆಸಿದ ಚಿತ್ರ 1929ರದು. ಪೊಲೀಸರಿಗೆ ಹಾಕಿದ ಟೋಪಿಗಳಲ್ಲಿ ಇಷ್ಟು ಪ್ರಸಿದ್ಧವಾದುದು ಇನ್ನೊಂದಿಲ್ಲ. ಈ ಮಾತನ್ನು ಹವಾಲ್ದಾರರಿಗೆ ಹೇಳಿದೆ. “ಆ ಟೋಪಿಗೆ ನಾವೂ ಸಲಾಮ ಹೊಡೀತೀವ್ರಿ” ಎಂದರು.

ಗಾಂಧೀಜಿಯವರು ಟೋಪಿಯನ್ನು ಇನ್ನೊಂದು ದಿಕ್ಕಿನಿಂದ ಯೋಚಿಸಿದರು. ಉಣ್ಣೆಯ ಕರಿ ಟೋಪಿಯಲ್ಲಿ ಕೊಳೆ ಕಾಣುವುದಿಲ್ಲ, ತೊಳೆಯಲೂ ಬರುವುದಿಲ್ಲ. ಬಿಳಿಯ ಖಾದಿಯದು ಮಾಸಿದೊಡನೆ ತಿಳಿಯುತ್ತದೆ, ಒಗೆಯಬಹುದು, ಮಡಚಿ ಕಿಸೆಯಲ್ಲಿಡಬಹುದು ಎಂಬುದು ಅವರ ವಿಚಾರ. ಫೆಲ್ಟಿಗೆ ಇದಕ್ಕಿಂತ ನಿಷ್ಠುರವಾದ ವಿಮರ್ಶೆಯಿಲ್ಲ. ನಮ್ಮ ಹವಾಲ್ದಾರರ ಹ್ಯಾಟನ್ನು ಮೂಗಿನ ಬಳಿ ತಂದವರು ಮಹಾತ್ಮರ ಪಕ್ಷವನ್ನೇ ಹಿಡಿದಾರು.

ಮುಂದಿನ ರವಿವಾರ ಹವಾಲ್ದಾರರ ಅಡಿಗೆಮನೆಯಲ್ಲಿ ಚಿಕಿತ್ಸೆ ಆರಂಭವಾಯಿತು. ನಾನು ಕಾಗದದಲ್ಲಿ ಬರೆದುಕೊಂಡಿದ್ದುದನ್ನು ಓದುವುದು, ಅವರು ಮಾಡುವುದು. ಪಟ್ಟಿಯನ್ನೂ ಗದ್ದದ ಬಾರನ್ನೂ ಬಿಚ್ಚಿದರು. ಮೃದುವಾದ ಬ್ರಶ್ಶಿನಿಂದ ಧೂಳು ತೆಗೆದರು. ಫೆಲ್ಟಿನ ರೋಮಗಳು ಒಂದು ದಿಕ್ಕಿಗೆ ಮಲಗಿರುತ್ತವೆ. ಗಡಿಯಾರದ ಮುಳ್ಳಿಗೆ ಎದುರಾಗಿ ತಿಕ್ಕಬೇಕು. ಒಳಗೆ ಅಳೆದು ನೋಡಿದರೆ 55 ಸೆಂಟಿಮೀಟರಿಗೆ ಇಳಿದಿತ್ತು. ಎರಡು ಸೆಂಟಿಮೀಟರು ಹಿಗ್ಗಿಸಬೇಕು.

ಹ್ಯಾಟು ತಯಾರಿಸುವವರಲ್ಲಿ ಕಟ್ಟಿಗೆಯ ಅಚ್ಚುಗಳಿರುತ್ತವೆ. ನಮ್ಮಲ್ಲಿ ಎಲ್ಲಿಂದ ಬರಬೇಕು? ಹವಾಲ್ದಾರರ ಮನೆಯಾಕೆ, ನಾವೆಲ್ಲ ಕಾಕು ಎನ್ನುವವರು, ಪಾತ್ರೆಗಳನ್ನೆಲ್ಲ ನೆಲಕ್ಕೆ ಇಳಿಸಿದರು. ನಾನು ಟೇಪು ಹಿಡಿದು ಕೊಡ, ಚರಿಗೆ, ಬೋಗುಣಿಗಳ ತಲೆಯಳತೆ ತೆಗೆಯುತ್ತ ಕುಳಿತೆ. ಕಾಲೇಜಿನ ವಿದ್ಯಾರ್ಥಿಗಳಾರೂ ಆಗ ಆ ಕಡೆ ಬರಲಿಲ್ಲವೆಂಬುದು ನನ್ನ ಪುಣ್ಯ. ಒಂದು ಬೋಗುಣಿ 54 ಬಂದಿತು. ಪಾತ್ರೆ ದುಂಡಗಿರುತ್ತದೆ, ಮನುಷ್ಯನ ತಲೆ ಮೊಟ್ಟೆಯಾಕಾರದ್ದು. ಆದುದರಿಂದ ಬೋಗುಣಿಯ ಮುಂದೆಯೂ ಹಿಂದೆಯೂ ಪತ್ರಿಕೆಯ ಕಾಗದವನ್ನು ದಪ್ಪಗೆ ಮಡಚಿ ಕಟ್ಟಿ 57ಕ್ಕೆ ತಂದೆವು. ಮಗುಚಿಟ್ಟ ಬೋಗುಣಿಗೆ ಹಣೆಯೂ ಹಿಂದಲೆಯೂ ಮೂಡಿದವು.

ಚಹಾದ ಕಿಟ್ಲಿಯಲ್ಲಿ ನೀರು ಕುದಿಯಿತು. ಉಗಿಯಿಂದ ಒಂದು ಗೇಣು ದೂರದಲ್ಲಿ ಹ್ಯಾಟನ್ನು ಹಿಡಿದು ತಿರುಗಿಸುತ್ತಲೇ ಇರಬೇಕು. ಒಂದೇ ಕಡೆ ನಿಲ್ಲಿಸಿದರೆ ನೀರಿನ ಕಲೆ ಬೀಳುತ್ತದೆ. ಚರ್ಮದ ಬೆವರುಪಟ್ಟಿಗೆ ಉಗಿ ತಾಕಿದರೆ ಅದು ಮುರುಟಿಕೊಳ್ಳುತ್ತದೆ. ಅದನ್ನು ಹೊರಕ್ಕೆ ಮಗುಚಿ, ಹಳೆಯ ಅರಿವೆ ಸುತ್ತಿದೆವು. ಎರಡು ಮೂರು ನಿಮಿಷಗಳಲ್ಲಿ ಅದುವರೆಗೆ ಹಲಗೆಯಂತಿದ್ದ ಫೆಲ್ಟು ಕೈಯಲ್ಲಿ ಮೆತ್ತಗಾಯಿತು. ಉಣ್ಣೆಯ ವಿಶೇಷವೇ ಇದು. ನೀರೂ ಬಿಸಿಯೂ ಕೂಡಿದಾಗ ಎಳೆಗಳೊಳಗಿನ ಬಿಗುವು ಸಡಿಲುತ್ತದೆ. ಆರಿದಾಗ ಯಾವ ಸ್ಥಿತಿಯಲ್ಲಿತ್ತೋ ಅದೇ ಸ್ಥಿತಿಯಲ್ಲಿ ಬಿಗಿದುಕೊಳ್ಳುತ್ತದೆ. ಒಲೆಯ ಪಕ್ಕದಲ್ಲಿ ಕೆಟ್ಟುದು ಯಾವ ಗುಣದಿಂದಲೋ, ಕಿಟ್ಲಿಯ ಮುಂದೆ ಸುಧಾರಿಸಿದುದೂ ಅದೇ ಗುಣದಿಂದ.

ಆ ಮೇಲೆ ನನ್ನ ಕಾಗದ ಅವರಿಗೆ ಬೇಕಾಗಲಿಲ್ಲ. ಹ್ಯಾಟನ್ನು ಬೋಗುಣಿಯ ಮೇಲೆ ಎಳೆದು, ಹೆಬ್ಬೆರಳುಗಳಿಂದ ಸುತ್ತಲೂ ಒತ್ತುತ್ತ ಒತ್ತುತ್ತ ಇಳಿಸಿದರು. ಬುಡಕ್ಕೆ ಸುತಳಿ ಬಿಗಿದರು. ಕುಸಿದ ನೆತ್ತಿಯನ್ನು ಮೊದಲು ಪೂರ್ತಿ ಎಬ್ಬಿಸಿ, ಮತ್ತೊಮ್ಮೆ ಉಗಿ ತೋರಿಸಿ, ಅಂಗೈಯ ಅಂಚಿನಿಂದ ನಡುವೆ ಒಂದು ತಗ್ಗು ಮಾಡಿದರು. ಅಳತೆಯ ಕಡ್ಡಿ ಇಲ್ಲದೆ ಆ ತಗ್ಗು ನೆಟ್ಟಗೆ ಬಂದಿತು. ಎಷ್ಟೋ ವರ್ಷ ದಿನವೂ ಪರೇಡಿಗೆ ಮುಂಚೆ ಅದೇ ಕೈ ಅದೇ ಜಾಗವನ್ನು ತೀಡಿತ್ತಲ್ಲವೆ? ಮುಂಭಾಗದಲ್ಲಿ ಮಾತ್ರ ಒಂದು ಬಿರುಕು ಉಳಿಯಿತು. ಟೋಪಿ ತೆಗೆಯುವಾಗ ನೆತ್ತಿಯನ್ನು ಬೆರಳಿಂದ ಚಿವುಟಿ ಹಿಡಿಯುವ ಅಭ್ಯಾಸವುಳ್ಳವರ ಹ್ಯಾಟುಗಳೆಲ್ಲ ಅಲ್ಲಿಯೇ ಒಡೆಯುತ್ತವೆ. ಅಂಚನ್ನು ಹಿಡಿದು ತೆಗೆಯತಕ್ಕದ್ದು. “ಫೌಜದಾರ ಸಾಹೇಬರು ಬಂದಾಗ ಗಡಿಬಿಡಿಲೆ ಹಂಗ ಹಿಡೀತಿದ್ವಿ” ಎಂದು ಅವರು ಆ ಬಿರುಕನ್ನು ಸವರಿದರು.

ಅಂಚಿನದೇ ದೊಡ್ಡ ತೊಡಕಾಯಿತು. ಒದ್ದೆ ಅರಿವೆ ಹಾಸಿ ಇಸ್ತ್ರಿ ಮಾಡಿದರೆ ಸಪಾಟಾಗುತ್ತಿತ್ತು. ಎತ್ತಿ ಹಿಡಿದರೆ ಬಾಳೆಲೆಯಂತೆ ಬಾಗುತ್ತಿತ್ತು. ಒಳಗಿದ್ದ ಗಂಜಿ ಸತ್ತುಹೋಗಿತ್ತು. ಹ್ಯಾಟುಗಳನ್ನು ಬಿಗಿಯಾಗಿ ನಿಲ್ಲಿಸಲು ಹಚ್ಚುವುದು ಅರಗು. ಕೌರವರು ಪಾಂಡವರಿಗಾಗಿ ಮನೆ ಕಟ್ಟಿಸಿದರಲ್ಲ, ಅದೇ ಅರಗು. ಮರದ ಟೊಂಗೆಗಳ ಮೇಲೆ ಸಣ್ಣ ಹುಳುಗಳು ಸ್ರವಿಸುವ ಈ ಪದಾರ್ಥ ಯುರೋಪಿನ ಹ್ಯಾಟುಗಳಿಗೆ ಬಹುಕಾಲ ನಮ್ಮ ದೇಶದಿಂದಲೇ ಹೋಯಿತು. ಬಡಿಗೇರರ ಅಂಗಡಿಯಿಂದ ಸ್ಪಿರಿಟಿನಲ್ಲಿ ಕರಗಿಸಿದ ಅರಗನ್ನು ತಂದು ಅಂಚಿನ ಕೆಳಮೈಗೆ ತೆಳುವಾಗಿ ಹಚ್ಚೋಣವೆಂದು ನಾನು ಸೂಚಿಸಿದೆ.

“ಅದೇನೂ ಬ್ಯಾಡ್ರಿ. ಹುಣಚಿ ಬೀಜದ ಸರಿ ಹಚ್ಚರಿ. ಕಂಬಳಿಗೆ ಹಚ್ಚಂಗಿಲ್ಲೇನು?” ಎಂದರು ಕಾಕು.

ಕಾಕುವಿನ ತವರು ರಾಣೇಬೆನ್ನೂರು ತಾಲೂಕಿನ ಮೆಡ್ಲೇರಿಯ ಕಡೆಯದು. ಮೆಡ್ಲೇರಿಯ ಕಂಬಳಿ ಈ ಸೀಮೆಯಲ್ಲೆಲ್ಲ ಹೆಸರಾದುದು. ಅಲ್ಲಿ ಹುಣಸೆ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ನುಣ್ಣಗೆ ಅರೆದು ಕುದಿಸಿದ ಸರಿಯನ್ನು ಕಂಬಳಿಗೆ ಉಣಿಸುತ್ತಾರೆ. (ಸವಣೂರಿನ ಮಠದಲ್ಲಿರುವ ‘ದೊಡ್ಡಹುಣಸೆ’ಯದನ್ನಲ್ಲ; ಅದು ಹುಣಸೆಯೇ ಅಲ್ಲ, ಆಫ್ರಿಕಾದಿಂದ ಬಂದ ಬೇವೋಬಾಬ್ ಮರ.) ಅದರಿಂದ ಕಂಬಳಿಗೆ ಒಂದು ಬಿಗಿ ಬರುತ್ತದೆ. ಆ ಬಿಗಿಯಿದ್ದುದರಿಂದಲೇ ನಮ್ಮ ಒಕ್ಕಲಿಗ ಮಳೆಗಾಲದಲ್ಲಿ ಕಂಬಳಿಯ ಒಂದು ತುದಿಯನ್ನು ಮಡಚಿ ಕೊಪ್ಪೆ ಮಾಡಿ ತಲೆಯ ಮೇಲೆ ಹೊದ್ದು ಗದ್ದೆಗೆ ಇಳಿಯುತ್ತಿದ್ದ. ಹಾನಗಲ್ಲಿನ ಪಡುವಣ ಹಳ್ಳಿಗಳಲ್ಲಿ ಪ್ಲಾಸ್ಟಿಕ್ ಹಾಳೆ ಬರುವ ಮುನ್ನ ನಾಟಿಯ ಕಾಲಕ್ಕೆ ಕೊಪ್ಪೆಗಳೇ ಕಾಣುತ್ತಿದ್ದವು. ಕೊಪ್ಪೆಗೆ ನಂಬರಿಲ್ಲ, ಅಚ್ಚಿಲ್ಲ. ಮಡಿಕೆ ಹಾಕಿದವನ ತಲೆಯೇ ಅದರ ಅಳತೆ. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರನ್ನು ಹೆಗಲ ಮೇಲೆ ಕಂಬಳಿಯಿಲ್ಲದೆ ಚಿತ್ರಿಸಿದವರುಂಟೆ? ಉಣ್ಣೆಯನ್ನು ತಲೆಗೇರಿಸುವ ವಿದ್ಯೆಯನ್ನು ನಮಗೆ ಬರ್ಮಾದಿಂದಲೋ ಆಸ್ಟ್ರೇಲಿಯಾದಿಂದಲೋ ಯಾರೂ ತಂದುಕೊಡಬೇಕಾಗಿರಲಿಲ್ಲ.

ಸರಿಯ ಸಲಹೆಗೆ ನಾನು ಅಡ್ಡಿ ಹೇಳಿದೆ. ಹಿಟ್ಟಿನ ಪದಾರ್ಥಕ್ಕೆ ಹುಳ ಹತ್ತೀತು. ಮಳೆಯಲ್ಲಿ ತೊಯ್ದರೆ ಅಂಟಾದೀತು. ಹವಾಲ್ದಾರರು ಇಬ್ಬರ ಮಾತನ್ನೂ ಕೇಳಿ, “ಇನ್ನ ಇದನ್ನ ಹಾಕ್ಕೊಂಡು ಮಳಿಯಾಗ ಯಾರ ನಿಂದ್ರತಾರ್ರಿ ಸರ? ಹುಣಚಿದ ಇರಲಿ” ಎಂದು ತೀರ್ಪು ಕೊಟ್ಟರು.

ಕಾಕು ಸರಿ ಕಾಯಿಸಿದರು. ಅಂಚಿನ ಕೆಳಗೆ ಬೆರಳಿನಿಂದಲೇ ತೆಳುವಾಗಿ ಸವರಿದರು. ಒಂದು ಪಕ್ಕವನ್ನು ಮೇಲಕ್ಕೆ ಮಡಚಿ, ಬಟ್ಟೆ ಒಣಹಾಕುವ ಚಿಮಟಿಗೆ ಕಚ್ಚಿಸಿ, ಎಲ್ಲವನ್ನೂ ಬೋಗುಣಿ ಸಹಿತ ನೆರಳಿನಲ್ಲಿ ಎರಡು ದಿನ ಇರಿಸಿದರು. ಆ ಎರಡು ದಿನ ಆ ಮನೆಯಲ್ಲಿ ಸಾರು ಕುದಿದುದು ಬೇರೊಂದು ಪಾತ್ರೆಯಲ್ಲಿ.

ಮಂಗಳವಾರ ಸಂಜೆ ಕಾಲೇಜಿನಿಂದ ಬರುತ್ತ ಅವರ ಮನೆಗೆ ಹೋದೆ. ಅಂಚು ನಿಂತಿತ್ತು. ಗಾಳಿಗೆ ಅಲುಗದಷ್ಟು ಬಿಗಿಯಾಗಿ, ಕೈಯಿಂದ ಬಾಗಿಸಿದರೆ ಬಾಗುವಷ್ಟು ಮೆತ್ತಗೆ ನಿಂತಿತ್ತು. ಒಳಗೆ ಅಳೆದರೆ 56½. ಇನ್ನರ್ಧ ಸೆಂಟಿಮೀಟರು ಬರಲೇ ಇಲ್ಲ. ಹವಾಲ್ದಾರರು ಕನ್ನಡಿಯ ಮುಂದೆ ನಿಂತು ಎರಡೂ ಕೈಗಳಿಂದ ಅಂಚು ಹಿಡಿದು ತಲೆಗೆ ಇಳಿಸಿಕೊಂಡರು. ತುಸು ಬಿಗಿಯಾಯಿತೇನೋ, ಹೇಳಲಿಲ್ಲ.

ಮಗ ಆ ವಾರಾಂತ್ಯಕ್ಕೆ ರಜೆಯ ಮೇಲೆ ಬಂದ. ಅವನ ನೀಲಿ ಕ್ಯಾಪನ್ನು ನಾನೂ ಕೈಗೆ ತೆಗೆದುಕೊಂಡು ನೋಡಿದೆ. ಹಗುರವಾಗಿದೆ, ತಲೆಗೆ ಕಚ್ಚಿ ಕೂರುತ್ತದೆ. “ಓಡಬೇಕಾದ್ರ ಕೈಯಾಗ ಹಿಡಕೊಂಡ ಓಡೂದ ತಪ್ಪಿತ್ರಿ ಸರ” ಎಂದ. ಬದಲಾವಣೆ ಒಳ್ಳೆಯದೇ ಆಯಿತೆಂದು ನನಗೂ ತೋರಿತು. ಕಳ್ಳನ ಹಿಂದೆಯೋ ಹೋರಿಯ ಮುಂದೆಯೋ ಓಡುವವನಿಗೆ ಅಗಲ ಅಂಚಿನ ಟೋಪಿ ತಕ್ಕುದಲ್ಲ. ಆದರೆ ಸವಣೂರಿನ ಬಿಸಿಲಿನಲ್ಲಿ ದಿನವಿಡೀ ಸರ್ಕಲಿನಲ್ಲಿ ನಿಲ್ಲುವವನ ಕಿವಿಗೂ ಕತ್ತಿಗೂ ಆ ಅಂಚಿನ ನೆರಳು ಕೊಡುತ್ತಿದ್ದ ಸುಖವನ್ನು ಮುಂದೆ ಮಾತ್ರ ಚಾಚಿದ ಕ್ಯಾಪು ಕೊಡಲಾರದು. ತಂದೆ ಅದನ್ನು ಹೇಳಿದರು; ಮಗ ಒಪ್ಪಿಕೊಂಡ.

ಫೋಟೋ ತೆಗೆಸಲು ಪೇಟೆಗೆ ಹೋದೆವು. ತಂದೆ ಬಿಳಿಯ ಅಂಗಿ, ಬಿಲ್ಲೆಯಿಲ್ಲದ ಹಳೆಯ ಹ್ಯಾಟು. ಮಗ ಸಮವಸ್ತ್ರ, ಹೊಸ ಕ್ಯಾಪು. ಅಂಚಿನ ನೆರಳು ಮುಖದ ಮೇಲೆ ಬೀಳುತ್ತದೆ, ಹ್ಯಾಟನ್ನು ಸ್ವಲ್ಪ ಹಿಂದಕ್ಕೆ ಸರಿಸಿರೆಂದು ಫೋಟೋದವನು ಹೇಳಿದ. ಹವಾಲ್ದಾರರು ಸರಿಸಲಿಲ್ಲ. ಅವನೇ ದೀಪವನ್ನು ಕೆಳಕ್ಕೆ ಇಳಿಸಿದ.

ಮನೆಗೆ ಮರಳಿದ ಮೇಲೆ ಮಗ ಹ್ಯಾಟನ್ನು ತಂದೆಯ ತಲೆಯಿಂದ ಮೆಲ್ಲನೆ, ಅಂಚು ಹಿಡಿದೇ ತೆಗೆದು, ತನ್ನ ತಲೆಯ ಮೇಲಿಟ್ಟುಕೊಳ್ಳಲು ನೋಡಿದ. ಅದು ಹಣೆಯ ಮೇಲೆಯೇ ನಿಂತಿತು. ಕಾಕು ಟೇಪು ತರಹೇಳಿದರು, ಅಳೆದೆ. ಅವನ ತಲೆ 59.

“ಬೋಗುಣಿ ತೊಳದು ಒಳಗ ಇಟ್ಟೀನಿ. ಮತ್ತ ಕೇಳಬ್ಯಾಡ್ರಿ” ಎಂದರು ಕಾಕು.